ಕಡ್ಡಿ ಸಂಸಾರ, ದರ್ಜಿ ಸಂಸಾರ

ಬೆಂಗಳೂರಿನ ಏಪ್ರಿಲ್ ಧಗೆಯಲ್ಲಿ ನಾನು ಎಸಿ ಹಾಕದೆ ಬೆವರು ಒರೆಸಿಕೊಳ್ಳುತ್ತ ಕೂತಿರುವುದು ಕರೆಂಟು ಬಿಲ್ಲಿಗೆ ಹೆದರಿ ಅಲ್ಲ. ಹೊರಗಿನ ಎಸಿ ಪೆಟ್ಟಿಗೆಯ ಮೇಲೆ ಚುಕ್ಕೆ ಬೆಳವದ ಜೋಡಿಯೊಂದು ಸಂಸಾರ ಹೂಡಿದೆ.

ಅದನ್ನು ಮನೆ ಎನ್ನಲು ಮಾತ್ರ ನಾಲಿಗೆ ಹೊರಳದು. ಗಂಡು ಕಡ್ಡಿ ತರುತ್ತದೆ, ಹೆಣ್ಣು ಕೂತಲ್ಲೇ ಕೂತು ಅಡಿಗೆ ಸೇರಿಸಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಗಂಡು ತನ್ನಷ್ಟೇ ಉದ್ದದ ಕಡ್ಡಿ ಕಚ್ಚಿ ತಂದಿತು. ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಅದು ಅಡ್ಡಡ್ಡ ಸಿಕ್ಕಿಕೊಂಡಿತು. ಹಿಂದೆ ಸರಿಯಿತು, ನುಗ್ಗಿತು, ಕತ್ತಿನ ಕಪ್ಪು ಬಿಳುಪು ಚುಕ್ಕಿಪಟ್ಟಿ ಉಬ್ಬಿಸಿ ಮತ್ತೆ ನುಗ್ಗಿತು. 'ಉದ್ದಕ್ಕೆ ಹಿಡಿಯೋ ಮಾರಾಯ' ಅಂತ ನಾನು ಕಿಟಕಿಯೊಳಗಿಂದ ಕತ್ತು ತಿರುಗಿಸಿ ತಿರುಗಿಸಿ ತೋರಿಸಿದೆ. ಎದುರು ಬಾಲ್ಕನಿಯಾಕೆ ಸನ್ನೆ ತನಗೇ ಅಂದುಕೊಂಡು ಪರದೆ ಎಳೆದರು. ಕಡ್ಡಿ ಬಿತ್ತು. ಬಿದ್ದದ್ದನ್ನು ಹೆಕ್ಕುವ ಪದ್ಧತಿ ಈ ಮಹಾಶಯನಿಗಿಲ್ಲ. ಹೆಣ್ಣಿನ ಮುಂದೆ ತಲೆ ಬಾಗಿಸಿ ಬಾಗಿಸಿ ಕುಟುರ್ರೂ ಎಂದಿತು, ಕೆಲಸ ಮುಗಿಸಿದವರ ಹಾಗೆ. ನಾನು ತೆಂಗಿನಕಡ್ಡಿ ಪೊರಕೆ ಬಿಚ್ಚಿ, ಅಳತೆಗೆ ಸರಿಯಾಗಿ ಮುರಿದು, ಕಿಟಕಿ ಕಟ್ಟೆಯ ಮೇಲೆ ಜೋಡಿಸಿಟ್ಟೆ. ಮೂಸಿಯೂ ನೋಡಲಿಲ್ಲ. ಕಡೆಗೆ ಎಣಿಸಬಹುದಾದಷ್ಟೇ ಕಡ್ಡಿಗಳ ಮೇಲೆ ಎರಡು ಬಿಳಿ ಮೊಟ್ಟೆ.

ಕೆಳಮನೆಯ ಬದನೆ ಕುಂಡದಲ್ಲಿದ್ದ ಸಿಂಪಿಗ ಹಕ್ಕಿ ಬೇರೆಯೇ ಗತ್ತಿನದು. ಹತ್ತು ಗ್ರಾಂ ಮೀರದ ಮೈ, ನಿಗುರಿದ ಬಾಲ, ಬೀದಿಗೆಲ್ಲ ಕೇಳುವ ಟುವಿಟ್ ಟುವಿಟ್. ಕೊಕ್ಕಿನಿಂದ ಎಲೆಯಂಚಿಗೆ ತೂತು ಕೊರೆದು, ಹತ್ತಿ ಮತ್ತು ಜೇಡರ ಬಲೆಯ ಎಳೆ ತೂರಿಸಿ ಹೊಲಿಯುತ್ತದೆ. ತೂತಿನಾಚೆ ಎಳೆ ಉಬ್ಬಿ ನಿಲ್ಲುವುದರಿಂದ ಹೊಲಿಗೆ ಜಾರದು, ಎಲೆ ಹಸಿರಾಗಿಯೇ ಇರುತ್ತದೆ. ಕಿಪ್ಲಿಂಗ್ 1894ರ ಜಂಗಲ್ ಬುಕ್‌ನಲ್ಲಿ ಇದೇ ಹಕ್ಕಿಗೆ ದರ್ಜಿ ಎಂದು ಹೆಸರಿಟ್ಟು, ಗಂಡನನ್ನು ಹಾಡುವ ಪೆದ್ದನನ್ನಾಗಿಯೂ ಹೆಂಡತಿಯನ್ನು ಜಾಣೆಯನ್ನಾಗಿಯೂ ಮಾಡಿದ್ದಾನೆ. ಇದನ್ನು ಹೇಳಿದಾಗ ಮನೆಯಾಕೆ ಸೊರಗಿದ ಪೊರಕೆಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದಳು.

ಅಪಾರ್ಟ್‌ಮೆಂಟಿನ ಸ್ವಚ್ಛತಾ ಪ್ರವೀಣರು ಬೆಳವದ ಗಲೀಜಿನ ಬಗ್ಗೆ ಲಿಫ್ಟಿನಲ್ಲಿ ನೋಟೀಸು ಅಂಟಿಸಿದರು. ಸಿಂಪಿಗದ ಮೇಲೆ ದೂರಿರಲಿಲ್ಲ, ಅದರ ಗೂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಶನಿವಾರ ಮಾಲಿ ಬಂದು, ಹೇಳಿದಂತೆ ಕುಂಡಗಳನ್ನೆಲ್ಲ ಒಪ್ಪವಾಗಿ ಕತ್ತರಿಸಿ ಹೋದ. ಹೊಲಿದ ಎಲೆ ಕಸದ ಚೀಲದಲ್ಲಿತ್ತು. ಒಳಗಿನ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ನೋಟೀಸು ಬರೆಯುವವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಕತ್ತರಿ ಹಾಕಿಸುವ ಮೊದಲು ಎಲೆ ಮಗುಚಿ ನೋಡಿ. ಅಂಚಿನಲ್ಲಿ ಹತ್ತಿಯ ಬಿಳಿ ಚುಕ್ಕೆ ಕಂಡರೆ ಒಂದೇ ಒಂದು ತಿಂಗಳು ಆ ಗಿಡದ ತಂಟೆಗೆ ಹೋಗಬೇಡಿ.