ಬಾನೆಟ್ಟಿನೊಳಗಿನ ಬೇಸಿಗೆ

ಕ್ಯಾಲಿಫೋರ್ನಿಯಾದಲ್ಲಿ ಬೇಲಿ ಅಂದರೆ ಆಳೆತ್ತರದ ಹಲಗೆ. ಹರಟೆಗೆ ಹೇಳಿಮಾಡಿಸಿದ್ದಲ್ಲ. ಆದರೆ ಮಗನ ಮನೆಗೆ ಬಂದು ಕೂತ ನನ್ನಂಥ ನಿವೃತ್ತರಿಗೆ ಮಾತಿಲ್ಲದೆ ಆಗುತ್ತದೆಯೇ? ಸ್ಟೂಲ್ ಹತ್ತಿ ನಿಲ್ಲುತ್ತೇನೆ. ಬೇಲಿಯಾಚೆಯ ಯಜಮಾನರು 1932ರ ಫೋರ್ಡಿಗೆ ಶೆವರ್ಲೆಯ ವಿ-8 ಎಂಜಿನ್ ಕೂರಿಸಿ ಹಾಟ್ ರಾಡ್ ಮಾಡಿಕೊಂಡಿದ್ದಾರೆ. ನಾನೋ, ಘಾಟಿ ಹತ್ತಿ ಬಂದು ಬುಸುಗುಟ್ಟುವ ಬಸ್ಸುಗಳಿಗೆ ಡಿಪೋದಲ್ಲಿ ನೀರು ಕುಡಿಸಿದವನು. ಜೋಡಿ ಸರಿಹೋಯಿತು.

"ಸಿಗ್ನಲ್ಲಿನಲ್ಲಿ ನಿಂತರೆ ಕಾವಿನ ಮುಳ್ಳು ಸರ್ರನೆ ಏರುತ್ತೆ" ಅಂದರು.

"ಹೆದ್ದಾರಿಯಲ್ಲಿ?"

"ಅಲ್ಲಿ ತಕರಾರೇ ಇಲ್ಲ."

ಅರ್ಧ ರೋಗ ಅಲ್ಲೇ ಸಿಕ್ಕಿತು. ನಿಂತಾಗ ಕಾದು ಓಡಿದಾಗ ತಣಿದರೆ ಫ್ಯಾನಿನ ಕಡೆ ನೋಡಬೇಕು. ಓಡುತ್ತಲೇ ಕಾದರೆ ನೀರಿನ ಹರಿವನ್ನೋ ರೇಡಿಯೇಟರಿನ ಅಳತೆಯನ್ನೋ ಶಂಕಿಸಬೇಕು.

ಇಣುಕಿದೆ. ಕ್ರೋಮ್ ಹೊಡೆಸಿದ ಚೆಂದದ ಫ್ಯಾನು, ಸುತ್ತ ಶ್ರೌಡ್ ಇಲ್ಲ! ರೇಡಿಯೇಟರಿನ ಹಿಂಬದಿಯನ್ನು ಪೂರ್ತಿ ಮುಚ್ಚಿ, ಫ್ಯಾನಿಗೆ ಮಾತ್ರ ದುಂಡನೆ ದಾರಿ ಬಿಡುವ ತಗಡಿನ ಕವಚ ಅದು. ಅದಿಲ್ಲದಿದ್ದರೆ ಫ್ಯಾನು ಕಿಟಕಿ ಮುಚ್ಚಿದ ಕೋಣೆಯ ಸೀಲಿಂಗ್ ಫ್ಯಾನಿನ ಹಾಗೆ ಒಳಗಿನ ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ರೆಕ್ಕೆಗಳು ಅರ್ಧ ಶ್ರೌಡಿನೊಳಗೆ, ಅರ್ಧ ಹೊರಗೆ ಇದ್ದರೆ ಎಳೆತ ಚೆನ್ನ. ರೇಡಿಯೇಟರಿನ ಅಂಚಿನ ಸಂದುಗಳಿಗೂ ರಬ್ಬರು ತುಂಬಬೇಕು. ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ. ಸಂದು ಸಿಕ್ಕರೆ ಜಾಲರಿಯೊಳಗೆ ನುಸುಳುವ ಕಷ್ಟ ತೆಗೆದುಕೊಳ್ಳುವುದೇ ಇಲ್ಲ.

ಮೊದಲು ಈ ಕಾರಿಗಿದ್ದ ಫ್ಲಾಟ್‌ಹೆಡ್ ವಿ-8 ಇನ್ನೂ ಜ್ವರದ ಪ್ರಾಣಿ. 65 ಅಶ್ವಶಕ್ತಿಯ ಆ ಎಂಜಿನ್ನಿನ ಹೊಗೆದಾರಿ ಬ್ಲಾಕಿನೊಳಗೆ, ನೀರಿನ ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಹೊರಹೋಗಬೇಕಾದ ಬಿಸಿಯನ್ನು ನೀರಿಗೇ ದಾನ ಮಾಡಿದ ಹಾಗೆ. ಹಿಂದೆ ಇಲ್ಲಿಯ ಮ್ಯೂರಾಕ್, ಎಲ್ ಮಿರಾಜ್‌ಗಳ ಒಣಕೆರೆ ಬಯಲಲ್ಲಿ ಹುಡುಗರು ಇಂಥವನ್ನೇ ರೇಸಿಗೆ ಓಡಿಸಿದರು. ಅಲ್ಲಿ ಗಾಳಿಗೇನು ಬರ? ಈಗಿನ ಹಾಟ್ ರಾಡ್‌ಗಳಿಗೆ ಶನಿವಾರ ಸಂಜೆಯ ತೆವಳುವ ಮೆರವಣಿಗೆಯೇ ಗ್ರಹಚಾರ.

"ಥರ್ಮೋಸ್ಟಾಟ್ ಕಿತ್ತುಹಾಕಿದೀನಿ, ಆದರೂ..." ಅಂದರು. ನಗು ಬಂತು. ನಮ್ಮ ಗ್ಯಾರೇಜುಗಳಲ್ಲೂ ಇದೇ ಚಟ. 82 ಡಿಗ್ರಿಯ ಥರ್ಮೋಸ್ಟಾಟ್ ಅದಕ್ಕಿಂತ ಕೆಳಗೆ ತಣ್ಣಗಾಗದಂತೆ ಕಾಯುತ್ತದೆ, ಅಷ್ಟೆ. ಪೂರ್ತಿ ತೆರೆದ ಮೇಲೂ ಕಾವು ಏರಿದರೆ ಅದರ ತಪ್ಪೇನು? ರೇಡಿಯೇಟರಿಗೆ 15 ಪೌಂಡ್ ಒತ್ತಡ ತಡೆಯುವ ಮುಚ್ಚಳ ಇದ್ದರೆ ನೀರು 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಅದು ಕುದಿತವನ್ನು ಮುಂದೂಡುತ್ತದೆ, ಕಾವನ್ನು ಇಳಿಸುವುದಿಲ್ಲ.

ಗ್ರಿಲ್ಲಿನ ಮುಂದೆ ಇನ್ನೊಂದು ಎಲೆಕ್ಟ್ರಿಕ್ ಫ್ಯಾನು ಹಾಕುವ ಯೋಚನೆ ಅವರದು. ಬೇಡ ಅಂದೆ. ಓಡುವಾಗ ಅದೇ ಗಾಳಿಗೆ ಅಡ್ಡ. ಒಳಬಂದ ಗಾಳಿ ಹೊರಗೆ ಹೋಗಬೇಕಲ್ಲ? ಬಾನೆಟ್ಟಿನ ಪಕ್ಕದ ತಗಡುಗಳಿಗೆ ಲೂವರ್, ಅಂದರೆ ಗಾಳಿಯ ಸೀಳುಗಳನ್ನು ಕೊರೆಸಿ, ಒಳಗಿನ ಒತ್ತಡ ಇಳಿಯುತ್ತದೆ ಅಂದೆ.

ಶ್ರೌಡಿಗೆ ಒಪ್ಪಿದರು. ಲೂವರ್ ಅಂದದ್ದೇ ಮುಖ ಗಂಟಿಕ್ಕಿತು.

"ಬಣ್ಣ ಹೊಡೆಸಿ ಇನ್ನೂ ತಿಂಗಳಾಗಿಲ್ಲ. ಅದಕ್ಕೆ ತೂತು ಹೊಡೆಸೋದೇ?"

"ಹಾಗಾದ್ರೆ ಬೇಸಿಗೆ ಮುಗಿಯೋತನಕ ಆ ತಗಡು ಬಿಚ್ಚಿಟ್ಟು ಓಡಿಸಿ."

ಅದಕ್ಕೆ ಅವರ ಮನೆಯವರನ್ನು ಕೇಳಬೇಕಂತೆ. ಬಣ್ಣ ಆರಿಸಿದ್ದು ಅವರಂತೆ.