ಗೃಹರಥಾಧಾರ ನಿರ್ಣಯ: ಒಂದು ಸಭಾಷ್ಯ ಪ್ರಬಂಧ

‘ಚಕ್ರಾಧೀನಂ ಗೃಹಂ, ಗ್ಯಾರೇಜಾಧೀನಂ ಚಕ್ರಮ್.’

ಇದು ಸೂತ್ರ. ಯಾವ ಋಷಿಯದು ಎಂದು ವಿದ್ವಾಂಸರು ಕೇಳಬಾರದು. ಯುಗಾದಿಯ ಮಧ್ಯಾಹ್ನ ಹೋಳಿಗೆ ಉಂಡು ಒರಗಿದ್ದಾಗ ಈ ಲೇಖಕನಿಗೇ ದರ್ಶನವಾದದ್ದು. ಮನೆ ಗಾಲಿಯ ವಶ, ಗಾಲಿ ಗ್ಯಾರೇಜಿನ ವಶ ಎಂಬುದು ಸರಳಾರ್ಥ. ಗೂಢಾರ್ಥವೂ ಅದೇ. ಆದರೂ ಸಂಪ್ರದಾಯ ಕೆಡಬಾರದೆಂದು ಭಾಷ್ಯ ಬರೆಯುತ್ತಿದ್ದೇನೆ.

ಮೊದಲಿಗೆ ಅಧಿಕಾರಿ ವಿಚಾರ. ಮೋಟರ್‌ಹೋಮ್‌ಗೆ ಯಾವ ಗಾಡಿಯನ್ನು ಆಧಾರ ಮಾಡಿಕೊಳ್ಳಬೇಕೆಂದು ಹೇಳಲು ಈತ ಯಾರು? ಲೇಖಕನ ಬಳಿ ಇಪ್ಪತ್ತೆರಡು ವರ್ಷ ಹಳೆಯ ಒಂದು ಸ್ಕೂಟರ್ ಇದೆ. ಲಘು ಮೋಟರ್ ವಾಹನದ ಲೈಸೆನ್ಸೂ ಇದೆ. ನಮ್ಮ ಕಾನೂನಿನಲ್ಲಿ 7,500 ಕಿಲೋವರೆಗಿನ ಗಾಡಿಯೆಲ್ಲ ‘ಲಘು’. ಅಂದರೆ ಒಂದು ಆನೆ, ಅದರ ಮರಿ, ಮೇಲೊಬ್ಬ ಮಾವುತ ಸೇರಿದರೂ ಲಘುವೇ. ಇಷ್ಟು ದೊಡ್ಡ ಅಧಿಕಾರವನ್ನು ಸರಕಾರವೇ ಕೊಟ್ಟಿರುವಾಗ ಬರೆಯಲು ಯಾರಪ್ಪಣೆ ಬೇಕು?

ಇನ್ನು ಇತಿಹಾಸ. ಗಾಲಿಯ ಮೇಲಿನ ಮನೆ ಯುರೋಪಿನವರ ಸೃಷ್ಟಿ ಎಂದು ನಂಬುವವರು ಭರತ ಹುಣ್ಣಿಮೆಯ ಸುಮಾರಿಗೆ ಉಳವಿಯ ಹಾದಿಯಲ್ಲಿ ಒಮ್ಮೆ ನಿಂತು ನೋಡಬೇಕು. ಚನ್ನಬಸವೇಶ್ವರನ ಜಾತ್ರೆಗೆಂದು ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಹೊರಡುವ ಮಂದಿ ಜೋಳದ ಹಿಟ್ಟು, ಒಲೆ, ಹಾಸಿಗೆ, ಮಕ್ಕಳು, ಎತ್ತಿನ ಮೇವು ಎಲ್ಲವನ್ನೂ ಅದರಲ್ಲೇ ಹೇರಿಕೊಂಡು ದಿನಗಟ್ಟಲೆ ದಾರಿ ನಡೆಸುತ್ತಾರೆ. ಕೀಲೆಣ್ಣೆ ಒಂದಿದ್ದರೆ ಸರ್ವೀಸ್ ಮುಗಿಯಿತು. ಅಚ್ಚು ಮುರಿದರೆ ಮುಂದಿನ ಊರಿನಲ್ಲಿ ಬಡಿಗ ಇದ್ದಾನೆ, ಹಳಿ ಸಡಿಲಾದರೆ ಕಮ್ಮಾರ ಇದ್ದಾನೆ. ಆ ಚಕ್ಕಡಿಯನ್ನು ನಂಬುವಂತೆ ಮಾಡಿದ್ದು ಅದರ ಮರವೋ ಎತ್ತೋ ಅಲ್ಲ, ಆ ಬಡಿಗ ಮತ್ತು ಕಮ್ಮಾರ. ಪ್ರಬಂಧದ ಸಾರವೆಲ್ಲ ಇಲ್ಲೇ ಸೋರಿಹೋಯಿತು. ಆದರೆ ಪಂಡಿತನಾದವನು ಮುಗಿದ ಮೇಲೂ ಬರೆಯಬೇಕು.

ಆಧಾರವಾಹನದ ದೋಷಕ್ಕೆ ಶಾಸ್ತ್ರದಲ್ಲಿ ದೃಷ್ಟಾಂತ ಕರ್ಣನ ರಥ. ಅದು ಕೆಟ್ಟದ್ದಲ್ಲ, ಹೂತದ್ದು. ಶಾಪ ಎಂಬುದು ಕವಿಗಳ ವಾದ. ಚಕ್ರದ ಅಗಲ ಸಾಲದು, ಹೇರು ಹೆಚ್ಚು ಎಂಬುದು ಮೇಸ್ತ್ರಿಗಳ ವಾದ. ನಮ್ಮ ಕುಮಾರವ್ಯಾಸನಲ್ಲಂತೂ ಶಲ್ಯ ಮುನಿಸಿಕೊಂಡು ರಥ ಇಳಿದೇ ಹೋಗುತ್ತಾನೆ. ಡ್ರೈವರೂ ಇಲ್ಲ, ಜಾಕೂ ಇಲ್ಲ. ಮುಂದಿನದು ಎಲ್ಲರಿಗೂ ಗೊತ್ತು.

ಪೂರ್ವಪಕ್ಷವನ್ನು ಮಂಡಿಸುವವನು ಜರ್ಮನಿಯಲ್ಲಿರುವ ನನ್ನ ಷಡ್ಡಕ. “ಭಾವ, ಡುಕಾಟೊ ಬಿಟ್ಟು ಬೇರೆ ಮಾತೇ ಇಲ್ಲ” ಎನ್ನುವುದು ಅವನ ಸಿದ್ಧಾಂತ. 1981ರಲ್ಲಿ ಹುಟ್ಟಿದ ಈ ಫಿಯಟ್ ವ್ಯಾನು ಇಟಲಿಯ ಅತೆಸ್ಸಾದಲ್ಲಿ ತಯಾರಾಗುತ್ತದೆ. ಯುರೋಪಿನ ಮೋಟರ್‌ಹೋಮ್‌ಗಳಲ್ಲಿ ಬಹುಪಾಲು ಇದರ ಬೆನ್ನ ಮೇಲೆಯೇ ಕೂತಿವೆ. ಮುಂದಿನ ಗಾಲಿಗಳೇ ಎಳೆಯುವುದರಿಂದ ಹಿಂದಕ್ಕೆ ಉದ್ದನೆಯ ಶಾಫ್ಟ್ ಬೇಡ. ನೆಲ ತಗ್ಗಿಗೆ ಬರುತ್ತದೆ, ತಲೆ ತಗುಲದೆ ನಿಂತು ದೋಸೆ ಹುಯ್ಯಬಹುದು. ಇದೆಲ್ಲ ನಿಜ. ಆದರೆ ಹಿಂಬದಿಗೆ ಹೇರು ಹೆಚ್ಚಾದಷ್ಟೂ ಎಳೆಯುವ ಮುಂಗಾಲಿ ಹಗುರಾಗುತ್ತದೆ. ಒದ್ದೆ ಹುಲ್ಲಿನ ಮೇಲೆ ಸುಮ್ಮನೆ ಸುತ್ತುತ್ತದೆ. ಘಾಟಿ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಾರುವುದರಿಂದ ಹಿಂಗಾಲಿ ತಳ್ಳುವ ಗಾಡಿಯೇ ವಾಸಿ. ಆಗುಂಬೆಯ ತಿರುವಿನಲ್ಲಿ ದೋಸೆ ಹುಯ್ಯುವವರು ಯಾರೂ ಇಲ್ಲವಲ್ಲ.

ಉತ್ತರಪಕ್ಷ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ‘ಟೆಂಪೊ’ ಶಬ್ದದ ವ್ಯುತ್ಪತ್ತಿಯನ್ನು ಇಲ್ಲಿ ನೋಡಬೇಕು. ಹ್ಯಾಂಬರ್ಗಿನ ವಿಡಾಲ್ ಅಂಡ್ ಸೋನ್ ಕಂಪನಿ ಟೆಂಪೊ ಹೆಸರಿನಲ್ಲಿ ಮೂರು ಗಾಲಿಯ ಗಾಡಿ ಮಾಡುತ್ತಿತ್ತು. ಅದನ್ನು ಇಲ್ಲಿ ಕಟ್ಟಲೆಂದು 1958ರಲ್ಲಿ ಬಜಾಜ್ ಟೆಂಪೊ ಹುಟ್ಟಿತು. ಮುಂದೆ ಸಾಮಾನು ಹೊರುವ ಸಣ್ಣ ಗಾಡಿಯೆಲ್ಲ ನಮ್ಮ ಬಾಯಲ್ಲಿ ಟೆಂಪೊ ಆಯಿತು. 1987ರಲ್ಲಿ ಬಂದ ಟ್ರಾವೆಲರ್‌ನ ಮೂಲ ಬ್ರೆಮೆನ್‌ನಲ್ಲಿ ತಯಾರಾಗುತ್ತಿದ್ದ ಮರ್ಸಿಡಿಸ್ ವ್ಯಾನು. 2005ರಲ್ಲಿ ಪುಣೆಯ ಈ ಕಂಪನಿ ಫೋರ್ಸ್ ಎಂದು ಹೆಸರು ಬದಲಿಸಿಕೊಂಡರೂ ಜನ ಬದಲಿಸಲಿಲ್ಲ. ಹೀಗೆ ತುಮಕೂರಿನಿಂದ ಧರ್ಮಸ್ಥಳಕ್ಕೆ ದಿಬ್ಬಣ ಹೊರುವ ಟಿಟಿ ಕುಲದಿಂದ ಜರ್ಮನ್, ಗೋತ್ರದಿಂದ ಪುಣೆ, ಆಚಾರದಿಂದ ಕನ್ನಡ. ಜರ್ಮನಿಯಲ್ಲಿ ಕೂತ ಷಡ್ಡಕ ಇಟಲಿಯ ಗಾಡಿಯನ್ನು ಹೊಗಳುತ್ತಾ ಅಪ್ಪಟ ಜರ್ಮನ್ ವಂಶದ ನಮ್ಮ ಟಿಟಿಯನ್ನು “ಅದು ಬಿಡಿ ಭಾವ, ಮದುವೆ ಗಾಡಿ” ಎಂದದ್ದನ್ನು ಈ ಪ್ರಬಂಧದಲ್ಲಿ ದಾಖಲಿಸಿದ್ದೇನೆ.

ಈಗ ತೂಕಪ್ರಕರಣ. ಇದೇ ಶಾಸ್ತ್ರದ ಕ್ಲಿಷ್ಟ ಭಾಗ, ಸಂಸಾರಗಳು ಮುರಿಯುವುದೂ ಇಲ್ಲೇ. ಗಾಡಿ ಹೊರಬಹುದಾದ ಒಟ್ಟು ತೂಕದಲ್ಲಿ ಗಾಡಿಯದೇ ತೂಕವನ್ನು ಕಳೆದರೆ ಉಳಿಯುವುದು ನಮ್ಮ ಪಾಲು. ಯುರೋಪಿನ ಸಾಮಾನ್ಯ ಲೈಸೆನ್ಸಿಗೆ ಒಟ್ಟು 3,500 ಕಿಲೋ ಗೆರೆ. ಮಂಚ, ಬೀರು, ಅಡುಗೆಕಟ್ಟೆ, ಕಕ್ಕಸು ಕೂರಿಸುವಷ್ಟರಲ್ಲಿ ಅದರಲ್ಲಿ ಹೆಚ್ಚಿನಂಶ ತೀರಿರುತ್ತದೆ. ನೂರು ಲೀಟರ್ ನೀರು ಎಂದರೆ ನೂರು ಕಿಲೋ, ಇದರಲ್ಲಿ ಚೌಕಾಸಿ ಇಲ್ಲ. 14.2 ಕಿಲೋ ಗ್ಯಾಸಿನ ಸಿಲಿಂಡರು ತನ್ನ ಕಬ್ಬಿಣವನ್ನೂ ಸೇರಿಸಿಕೊಂಡು ಮೂವತ್ತರ ಹತ್ತಿರ ತೂಗುತ್ತದೆ. ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿಯನ್ನು ಎತ್ತಿದವನ ಸೊಂಟ ಅದರ ತೂಕವನ್ನು ಬಲ್ಲದು. ಲೀಥಿಯಮ್ ಆದರೆ ಜೇಬು ಬಲ್ಲದು. ಇದರ ಮೇಲೆ ನಮ್ಮ ಅತ್ತೆಯವರ ಮಾವಿನಕಾಯಿ ಉಪ್ಪಿನಕಾಯಿ ಜಾಡಿ, ರುಬ್ಬುವ ಕಲ್ಲು (“ಮಿಕ್ಸಿಯ ಚಟ್ನಿ ಚಟ್ನಿಯೇನಪ್ಪಾ?”), ಮಡಿಯ ತಂಬಿಗೆಗಳು. ಆದ್ದರಿಂದ ಗಾಡಿ ಕೊಳ್ಳುವ ಮುಂಚೆ ಅತ್ತೆಯವರ ಹತ್ತಿರ ಪಟ್ಟಿ ತೆಗೆದುಕೊಂಡು ಅದನ್ನು ಎರಡರಿಂದ ಗುಣಿಸಬೇಕು. ಭಾರವನ್ನು ಎರಡು ಅಚ್ಚುಗಳ ನಡುವೆ ಕೂರಿಸಬೇಕೇ ಹೊರತು ಹಿಂದಿನ ಅಚ್ಚನ್ನು ದಾಟಿ ಜೋತುಬಿಡಬಾರದು. ರುಬ್ಬುವ ಕಲ್ಲು ಮಧ್ಯಕ್ಕೆ. ಈ ವಿಧಿಗೆ ಅಪವಾದವಿಲ್ಲ.

ಕಾನೂನಿನ ಅಧ್ಯಾಯ ಚಿಕ್ಕದು, ಏಕೆಂದರೆ ಬೇಸರದ್ದು. ಮೋಟರ್ ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಮೋಟರ್ ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ನಿಮ್ಮೂರಿನ ವೆಲ್ಡಿಂಗ್ ಅಂಗಡಿಯವನಿಗೆ ಅದರ ಹೆಸರು ಗೊತ್ತಿಲ್ಲದಿದ್ದರೆ ಚಾವಣಿ ಕೊಯ್ಯಿಸಬೇಡಿ.

ಇನ್ನು ಪ್ರತ್ಯಕ್ಷ ಪ್ರಮಾಣ. ಷಡ್ಡಕ ರಜೆಗೆ ಬಂದವನು ಮದುವೆ ಗಾಡಿ ಬೇಡವೆಂದು, ಇಲ್ಲಿ ಅಪರೂಪವಾದ ನಾಜೂಕಿನ ವ್ಯಾನೊಂದನ್ನು ಮೋಟರ್‌ಹೋಮ್ ಮಾಡಿದ್ದನ್ನು ಬಾಡಿಗೆಗೆ ತಂದ. ಜೋಗಕ್ಕೆ ಹೊರಟೆವು. ಕಡೂರು ದಾಟುವ ಮುಂಚೆ ಅದು ಕೆಂಪು ದೀಪ ಹೊತ್ತಿಸಿ, ಎರಡು ಸಲ ಕೆಮ್ಮಿ, ಕೂತಿತು. ರಸ್ತೆ ಬದಿಯ ಮೇಸ್ತ್ರಿ ಬಾನೆಟ್ ಎತ್ತಿ ಗೌರವದಿಂದ ನೋಡಿದ.

“ಗಾಡಿ ಬಾಳ ಒಳ್ಳೇದು ಸಾರ್. ಏನ್ ಹೋಗಿದೆ ಅಂತ ಅದೇ ಹೇಳುತ್ತೆ. ಸಾಮಾನು ಎಲ್ಲಿ ಸಿಗುತ್ತೆ ಅಂತ ಮಾತ್ರ ಹೇಳಲ್ಲ.”

ಹೋದದ್ದು ಹೆಬ್ಬೆರಳಿನಷ್ಟು ಒಂದು ಸೆನ್ಸರು. ಬರಲು ನಾಲ್ಕು ದಿನ. ಆ ನಾಲ್ಕು ದಿನ ಅದು ಅಕ್ಷರಶಃ ಮನೆಯಾಗಿತ್ತು: ಅತ್ತೆಯವರು ಬಾಗಿಲಿಗೆ ರಂಗೋಲಿ ಇಟ್ಟರು, ಹಾಲಿನವನು ಗೊತ್ತಾದ, ಎದುರಿನ ಟೀ ಅಂಗಡಿಯಲ್ಲಿ ಲೆಕ್ಕ ಬರೆಸಲು ಶುರುವಾಯಿತು. ಅಷ್ಟರಲ್ಲಿ ಅದೇ ಮೇಸ್ತ್ರಿಯ ಬಳಿಗೆ ಮೂರು ಟಿಟಿಗಳು ಬಂದವು. ಒಂದರ ಕಮಾನು ಪಟ್ಟಿ ಮುರಿದಿತ್ತು, ಒಂದರ ಕ್ಲಚ್ ಪ್ಲೇಟು ಸವೆದಿತ್ತು, ಮೂರನೆಯದಕ್ಕೆ ಏನಾಗಿತ್ತೆಂದು ತಿಳಿಯುವ ಮುಂಚೆಯೇ ಅದು ಹೊರಟುಹೋಯಿತು. ಕೆಲಸ ಮಾಡಿದವನು ಇನ್ನೂ ಮೀಸೆ ಚಿಗುರದ ಹುಡುಗ. ಒಂದು ಕಣ್ಣು ಗಾಡಿಯ ಕೆಳಗೆ, ಒಂದು ಕಣ್ಣು ಮೊಬೈಲಿನ ಕ್ರಿಕೆಟ್ಟಿನ ಮೇಲೆ. ಆ ಹುಡುಗನೇ ಈ ಶಾಸ್ತ್ರದ ಪರಮಪ್ರಮಾಣ. ಎಷ್ಟು ಊರಿನಲ್ಲಿ ಅಂಥ ಹುಡುಗನಿದ್ದಾನೆ ಎಂದು ಎಣಿಸಿ ಗಾಡಿ ಆರಿಸಬೇಕು. ಷಡ್ಡಕ ಮೂರನೆಯ ದಿನ ಜೋಗದ ಮಾತು ಬಿಟ್ಟ, ನಾಲ್ಕನೆಯ ದಿನ ಡುಕಾಟೊ ಮಾತೂ ಬಿಟ್ಟ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಪರಿಶಿಷ್ಟ: ಹೊಸ ಬಣ್ಣ ನೋಡಿ ಮರುಳಾಗದೆ ಗಾಡಿಯ ಕೆಳಗೆ ಮಲಗಿ. ಕರಾವಳಿಯ ಉಪ್ಪುಗಾಳಿ ಕುಡಿದ ಚಾಸಿಯನ್ನು ಸ್ಪ್ಯಾನರಿನಿಂದ ಬಡಿದರೆ ಗಂಟೆಯ ನಾದ ಬರುವುದಿಲ್ಲ, ಹಪ್ಪಳದ ಸದ್ದು ಬರುತ್ತದೆ. ಬಿಎಸ್6 ಬಂದ ಮೇಲಿನ ಡೀಸೆಲ್ ಗಾಡಿಗಳಲ್ಲಿ ಹಲವಕ್ಕೆ ಯೂರಿಯಾ ದ್ರಾವಣವನ್ನೂ ಹುಯ್ಯಬೇಕು. ಸೊಸೈಟಿಯ ಗೊಬ್ಬರದ ಚೀಲ ಅದಕ್ಕಾಗದು.

ಇಷ್ಟೆಲ್ಲ ಓದಿದ ಸಹೃದಯರಲ್ಲಿ ಒಂದು ಅರಿಕೆ. ಹಳದಿ ಬೋರ್ಡಿನಿಂದ ನಿವೃತ್ತವಾದ, ಸಮುದ್ರ ಕಾಣದ, ಅಚ್ಚು ನೆಟ್ಟಗಿರುವ ಟಿಟಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ. ಬದಲಿಗೆ ಕೊಡಲು ಸ್ಕೂಟರ್ ಸಿದ್ಧವಿದೆ.