ಸ್ಯಾಂಪಲ್ ಮಾಮ

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಕೋರಮಂಡಲ್ ದಾಟುವಷ್ಟರಲ್ಲೇ ಕಾಲಿಡಲು ಜಾಗವಿರುವುದಿಲ್ಲ. ಆ ನೂಕುನುಗ್ಗಲಲ್ಲೂ ಒಬ್ಬರ ಪಕ್ಕದ ಸೀಟು ಮಾತ್ರ ಖಾಲಿ. ತೊಡೆಯ ಮೇಲೆ ಪುಟ್ಟ ಡಬ್ಬಿ, ಅದರ ಮೇಲೆ ಚೀಟಿ: 'ಟೈಗರ್, ಬೆಳಿಗ್ಗೆ 5.40'. ಹೊಸಬರು ಯಾರೋ ಒಮ್ಮೆ, "ಏನ್ ಅಂಕಲ್, ಮೈಸೂರ್ ಪಾಕಾ?" ಎಂದು ಕೇಳಿದ್ದರು. ಮಾಮ ಸುಳ್ಳು ಹೇಳುವವರಲ್ಲ.

ಇಂಥವರು ಇವರೊಬ್ಬರೇ ಅಂದುಕೊಳ್ಳಬೇಡಿ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಚಿನ್ನದ ಗಣಿಯಲ್ಲಿ ಅದಿರಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕೊಟ್ಟೇ ತಲೆ ನರೆಸಿಕೊಂಡವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಕೈಯ ಅಭ್ಯಾಸ ಮುಚ್ಚಲಿಲ್ಲ.

ಮಾಮನ ನಾಯಿ ಟೈಗರ್ ಅಂಗಳದ ಮೂಲೆಯಲ್ಲಿ ಕೂತರೆ ಮಾಮನೂ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಮಣ್ಣು ತಾಗಿದ್ದು ಬೇಡ. ಮೊದಲಿಂದ, ನಡುವಿಂದ, ಕೊನೆಯಿಂದ ಒಂದೊಂದು ಚೂರು. ಬೆಕ್ಕಿನದು ಇನ್ನೂ ಕಷ್ಟ: ಅದು ಹೂತಿಡುತ್ತದೆ, ಮಾಮ ಅಗೆಯಲೇಬೇಕು. ರೈಲು ತಪ್ಪಿದ ದಿನ ಡಬ್ಬಿ ಫ್ರಿಜ್ಜಿಗೆ. ಮಾಮಿ ಈಗ ಇಡ್ಲಿ ಹಿಟ್ಟನ್ನು ಪಕ್ಕದ ಮನೆಯಲ್ಲಿ ಇಡುತ್ತಾರೆ.

ಬಂಗಾರಪೇಟೆಯ ಪ್ರಾಣಿ ಡಾಕ್ಟರು ಡಬ್ಬಿಯಲ್ಲಿರುವುದನ್ನು ಗಟ್ಟಿ ಉಪ್ಪುನೀರಿನಲ್ಲಿ ಕಲಸಿ, ಸೋಸಿ, ನಳಿಕೆಗೆ ತುಂಬಿ, ಬಾಯಿಗೆ ತೆಳು ಗಾಜು ಮುಚ್ಚಿ ಕಾಯುತ್ತಾರೆ. ಹುಳುವಿನ ಮೊಟ್ಟೆ ಹಗುರ, ತೇಲಿಬಂದು ಗಾಜಿಗೆ ಅಂಟುತ್ತದೆ, ಕಸ ತಳಕ್ಕಿಳಿಯುತ್ತದೆ. ಇದೊಂದು ಮಾಮನಿಗೆ ಒಗ್ಗಿಲ್ಲ. "ನಮ್ಮಲ್ಲಿ ಬೆಲೆ ಬಾಳೋದು ಮುಳುಗ್ತಿತ್ತು ಸಾರ್!" ಆದರೆ ಗ್ರಾಮಿಗೆ ಎಷ್ಟು ಮೊಟ್ಟೆ ಎಂದಾಗ ಕಣ್ಣು ಹೊಳೆಯುತ್ತದೆ. ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂದು ಬರೆದಿಟ್ಟ ಹಳೇ ಪುಸ್ತಕದಲ್ಲೇ ಈಗ ಟೈಗರ್‌ಗೂ ಒಂದು ಪುಟ: 'ಕೊಕ್ಕೆಹುಳು, 400'.

ಕೊಕ್ಕೆಹುಳುವೆಂದರೆ ಮಾಮನಿಗೆ ಒಂದಿಷ್ಟು ಗೌರವವೂ ಉಂಟು. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರ ರಕ್ತ ಹೀರುತ್ತಿದ್ದುದು ಇದೇ ಹುಳುವೆಂದು 1902ರಲ್ಲಿ ವಿಜ್ಞಾನಿ ಹಾಲ್ಡೇನ್ ಪತ್ತೆ ಹಚ್ಚಿದ್ದರು. ಆ ಕಾರ್ನ್‌ವಾಲಿನವರೇ ನಮ್ಮ ಗಣಿಗೂ ಇಳಿದವರು. "ಅದು ನಮ್ಮ ಡಿಪಾರ್ಟ್‌ಮೆಂಟಿನ ಹುಳು." ನಾಯಿಯದು ಬೇರೆ ಜಾತಿ ಎಂದರೆ, "ಬೇರೆ ಶಾಫ್ಟು, ಅಷ್ಟೇ."

ವಾಪಸು ಬರುವಾಗ ಪಾನಿಪುರಿ. ಬಂಗಾರಪೇಟೆಯ ಪಾನಿ ನಲ್ಲಿ ನೀರಿನಷ್ಟು ತಿಳಿ, ಖಾರ ಮಾತ್ರ ನೆತ್ತಿಗೇರುವಂಥದ್ದು. ಮಾಮ ಅದನ್ನೂ ಬೆಳಕಿಗೆ ಹಿಡಿದು ನೋಡಿ, "ಏನೂ ತೇಲ್ತಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟೇ ಕುಡಿಯುವುದು.

ಕಳೆದ ವಾರ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಏನೂ ಇಲ್ಲ ಮಾಮ, ಕ್ಲೀನ್" ಎಂದರು. ಬೇರೆಯವರಾದರೆ ಕೈ ಮುಗಿಯುತ್ತಿದ್ದರು. ಮಾಮನ ಮುಖ ಕಪ್ಪಿಟ್ಟಿತು.

"ಒಂದು ಸ್ಯಾಂಪಲ್ ನೋಡಿ ಬರಿದು ಅಂದ್ಬಿಡೋದಾ? ನಮ್ಮ ಗಣಿಗೂ ಹಿಂಗೇ ಅಂದ್ರು."

ಡಾಕ್ಟರು ವಾದಿಸಲಿಲ್ಲ. ಹುಳು ಇದ್ದರೂ ಪ್ರತಿ ಸಲವೂ ಮೊಟ್ಟೆ ಸಿಗಬೇಕೆಂದಿಲ್ಲ; ಅವರ ಪಠ್ಯಪುಸ್ತಕವೂ ಮಾಮನ ಪಕ್ಷವೇ. "ಇನ್ನೆರಡು ದಿನದ್ದು ತನ್ನಿ" ಎಂದರು.

ಗುರುವಾರ ಬೆಳಗಿನ ರೈಲಿಗೆ ಸೀಟು ಬೇಕಿದ್ದವರು ಹೇಳಿ. ಮಾಮನ ಪಕ್ಕ ಒಂದಿದೆ.